ತಲೆಯಾಡಿಸಿದ ತಾಯಿ ಒಪ್ಪಿದ್ದಾಳೆಯೇ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಮಗುವಿಗೆ ಐದು ರೋಗಗಳನ್ನು ತಡೆಯುವ ಪೆಂಟಾ ಲಸಿಕೆಯ ಮೊದಲ ಚುಚ್ಚುಮದ್ದು ಹಾಕಿಸಿದ ಕೆಲವು ತಾಯಂದಿರು ಎರಡನೆಯದಕ್ಕೆ ಬರುವುದೇ ಇಲ್ಲ. ರೋಗಗಳ ಅಪಾಯವನ್ನೆಲ್ಲ ವಿವರಿಸಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಮನವೊಲಿಸಿ’ ಎಂದು ಮೇಲಿನವರು ಹೇಳುತ್ತಾರೆ. ಮನವೊಲಿಕೆ ಎಂದರೆ ಏನು, ಅದು ಹೇಗೆ ನಡೆಯುತ್ತದೆ?

ಉತ್ತರ: ಅರ್ಧ ಉತ್ತರ ಆ ಪದದಲ್ಲೇ ಇದೆ. ಒಲಿಯಬೇಕಾದದ್ದು ಕೇಳುವವರ ಮನಸ್ಸು. ಆ ಕೆಲಸವನ್ನು ಅವರ ಪರವಾಗಿ ಬೇರೆ ಯಾರೂ ಮಾಡಲಾರರು. ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳಲ್ಲಿ ಮನವೊಲಿಕೆ ಎನಿಸಿಕೊಳ್ಳುವುದು ಸಾಮ ಮಾತ್ರ. ಚುಚ್ಚುಮದ್ದು ಹಾಕಿಸದಿದ್ದರೆ ರೇಷನ್ ನಿಂತುಹೋಗುತ್ತದೆ ಎಂದು ಹೆದರಿಸಿದರೆ ಮಗು ಅಂಗನವಾಡಿಗೆ ಬಂದೀತು, ಆದರೆ ತಾಯಿಯ ಸಂಶಯ ಮನೆಯಲ್ಲೇ ಉಳಿದು ಮುಂದಿನ ಸಲ ಬಾಗಿಲು ಹಾಕಿಕೊಂಡೀತು.

ಮಾತು ಮೂರು ಬಗೆಯಲ್ಲಿ ಒಪ್ಪಿಗೆಯನ್ನು ಗಳಿಸುತ್ತದೆ ಎಂದು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ವಿಂಗಡಿಸಿದ್ದ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಮನಃಸ್ಥಿತಿ, ಮಾತಿನೊಳಗಿನ ತರ್ಕ. ನೀವು ಮೂರನೆಯದನ್ನು ಧಾರಾಳವಾಗಿ ಬಳಸುತ್ತಿದ್ದೀರಿ. ತೊಡಕು ಇರುವುದು ಬಹುಶಃ ಮೊದಲಿನ ಎರಡರಲ್ಲಿ. ಪೆಂಟಾ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬರಬಹುದು, ತೊಡೆ ಊದಬಹುದು. ಇದನ್ನು ಮೊದಲೇ ಹೇಳದಿದ್ದರೆ, ಅಳುವ ಮಗುವನ್ನು ಹೊತ್ತು ನಿದ್ದೆಗೆಟ್ಟ ತಾಯಿಗೆ ನೀವು ಏನನ್ನೋ ಮುಚ್ಚಿಟ್ಟಿರಿ ಎಂದೇ ಅನಿಸುತ್ತದೆ. ಆಮೇಲೆ ನಾಯಿಕೆಮ್ಮು, ಗಂಟಲುಮಾರಿಗಳ ಬಗ್ಗೆ ಎಷ್ಟು ಹೇಳಿದರೂ ಅದು ಅವಳ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮೆಕ್‌ಗ್ವೈರ್ 1960ರ ದಶಕದಲ್ಲಿ ಮಂಡಿಸಿದ ಸಿದ್ಧಾಂತವೊಂದು ನಿಮಗೆ ಸೊಗಸಾಗಿ ಹೊಂದುತ್ತದೆ, ಏಕೆಂದರೆ ಅವರು ಅದರ ಹೋಲಿಕೆಯನ್ನು ಎತ್ತಿಕೊಂಡದ್ದೇ ಲಸಿಕೆಯಿಂದ. ದುರ್ಬಲಗೊಳಿಸಿದ ರೋಗಾಣು ದೇಹವನ್ನು ಸಜ್ಜುಗೊಳಿಸುವಂತೆ, ಮುಂದೆ ಎದುರಾಗಬಹುದಾದ ಆಕ್ಷೇಪವನ್ನು ಅದರ ಸಮಾಧಾನದೊಂದಿಗೆ ಮೊದಲೇ ಕೇಳಿಸಿಕೊಂಡ ಮನಸ್ಸು ಅದನ್ನು ತಡೆದುಕೊಳ್ಳುತ್ತದೆ. ‘ಇಂದು ರಾತ್ರಿ ಮೈ ಬಿಸಿಯಾದೀತು, ನರ್ಸಮ್ಮ ಹೇಳಿದಷ್ಟೇ ಔಷಧ ಕೊಡಿ, ನಾಳೆ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ’ ಎಂದು ಹೇಳಿ, ಹೇಳಿದಂತೆ ಹೋಗಿ ನೋಡಿ. ಹತ್ತು ಕರಪತ್ರಗಳಿಗಿಂತ ಆ ಬೆಳಗಿನ ಭೇಟಿಯ ಮೇಲೆ ನನಗೆ ಹೆಚ್ಚು ಭರವಸೆ.

ಯಾರು ಹೇಳುತ್ತಾರೆ ಎಂಬುದರ ತೂಕವನ್ನು ಪೋಲಿಯೊ ಅಭಿಯಾನ ತೋರಿಸಿಕೊಟ್ಟಿತು. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ವದಂತಿ ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಬ್ಬಿದಾಗ, ಅಧಿಕಾರಿಗಳ ಮಾತಿಗೆ ತೆರೆಯದ ಬಾಗಿಲುಗಳನ್ನು ಅದೇ ಓಣಿಯ ಹೆಂಗಸರು ಮತ್ತು ಊರಿನ ಧರ್ಮಗುರುಗಳು ತೆರೆಸಿದರು. ದೇಶದ ಕೊನೆಯ ಕಾಡುಪೋಲಿಯೊ (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ ವೈರಸ್ಸಿನ ಪೋಲಿಯೊ) ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಲಸಿಕೆಯ ಪೂರೈಕೆ, ಮನೆಮನೆಯ ಎಣಿಕೆ ಇಲ್ಲದೆ ಬರೀ ಮಾತಿನಿಂದ ಇದು ಆಗುತ್ತಿರಲಿಲ್ಲ ಎಂಬುದೂ ನಿಜ.

ಇನ್ನು ನಿಮ್ಮ ಮುಂದಿನ ಭೇಟಿಯ ಬಗ್ಗೆ. ತಲೆಯಾಡಿಸುವುದು ಎಷ್ಟೋ ಸಲ ‘ನೀವಿನ್ನು ಹೊರಡಿ’ ಎನ್ನುವ ಮರ್ಯಾದೆಯ ರೀತಿ. ಆದ್ದರಿಂದ ವಿವರಣೆಯನ್ನು ಬದಿಗಿಟ್ಟು, ಹೋದ ಸಲ ಏನಾಯಿತು ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಮನೆಯಲ್ಲಿ ನಿರ್ಧಾರ ಅತ್ತೆಯದಾಗಿದ್ದರೆ, ಅತ್ತೆಯೂ ಇರುವ ಹೊತ್ತಿಗೇ ಹೋಗಿ.