ಸೋಬಾನೆ ಅಂದರೆ ತಪ್ಪೇನೂ ಇಲ್ಲ

ಮದುವೆ ಕಾಲ ಶುರುವಾದರೆ ಸಾಕು, ಹೆಂಗಸರು ಸೇರಿ ಹಾಡುವ ಸೋಬಾನೆ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಮೊದಲನೆಯದನ್ನು ಓದಿ ನನಗೆ ಸಿಟ್ಟು ಬಂತು. ಅದಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನ ತಂಗಿ ಮದುವೆಯಲ್ಲಿ ಅಜ್ಜಿ, ದೊಡ್ಡಮ್ಮ ಎಲ್ಲ ಸೇರಿ ಸೋಬಾನೆ ಹಾಡುತ್ತಿದ್ದರು. ಬಂದಿದ್ದ ಹಿರಿಯರೊಬ್ಬರು ತಡೆದು, ‘ಸೋಬಾನೆ ಅನ್ನೋದು ಅಶುದ್ಧ. ಶೋಭನ ಅನ್ನಬೇಕು, ಇಲ್ಲದಿದ್ದರೆ ದಂಪತಿಗೆ ದೋಷ’ ಎಂದರು. ಅಜ್ಜಿ ಹಾಡು ನಿಲ್ಲಿಸಿಬಿಟ್ಟರು. ಇನ್ನೊಬ್ಬರು ಇದು ‘ಸೊಬಗು’ ಪದದಿಂದ ಬಂತು ಎನ್ನುತ್ತಾರೆ. ಯಾವುದು ನಿಜ?

ಉತ್ತರ: ಮೊದಲು ಅಜ್ಜಿಗೆ ಹೇಳಿ, ತಪ್ಪು ಅವರದಲ್ಲ. ಒಂದು ಅಕ್ಷರ ಬದಲಾದರೆ ದೋಷ ತಗಲುತ್ತದೆ ಎಂದು ಹೆದರಿಸುವುದು ಸುಳ್ಳು. ಮದುವೆ ಮನೆಯಲ್ಲಿ ಹಾಗೆ ಹೆದರಿಸುವವರ ಮಾತಿಗೆ ಯಾರೂ ಬಾಯಿ ಮುಚ್ಚಿ ಕೂರಬೇಕಿಲ್ಲ.

ಪದದ ಮೂಲ ಸಂಸ್ಕೃತದ ‘ಶೋಭನ’ ಎನ್ನುವುದು ಸರಿ. ಹೊಳೆಯುವುದು, ಚೆಂದವಾದದ್ದು, ಮಂಗಳಕರವಾದದ್ದು ಎಂದು ಅದರ ಅರ್ಥ. ಶುಭ, ಶೋಭೆ ಅದರ ಒಡಹುಟ್ಟುಗಳು. ಕನ್ನಡದ ಬಾಯಿಗೆ ಬಂದಾಗ ಶಕಾರ ಸಕಾರವಾಗುತ್ತದೆ, ಭಕಾರ ಬಕಾರವಾಗುತ್ತದೆ. ಆಕಾಶ ಆಗಸವಾಯಿತು, ಭೂಮಿ ಬುವಿಯಾಯಿತು. ಹಾಗೇ ಶೋಭನ ಸೋಬನವಾಯಿತು. ಇಂಥ ಪದಗಳಿಗೆ ತದ್ಭವ ಎನ್ನುತ್ತೇವೆ. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇವಕ್ಕಾಗಿ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಆಗಸ ಅಂದರೆ ದೋಷವಿಲ್ಲ, ಸೋಬಾನೆ ಅಂದರೆ ಮಾತ್ರ ದೋಷವೇ?

ಇನ್ನು ‘ಬಾ’ ಎಂದು ಎಳೆಯುವುದು. ಸಂಸ್ಕೃತದ ಶೋಭನದಲ್ಲಿ ‘ಭ’ ಹ್ರಸ್ವ. ಹಾಡುವಾಗ ಅದು ದೀರ್ಘವಾಗುತ್ತದೆ. 16ನೇ ಶತಮಾನದ ಮಾಧ್ವ ಯತಿ ವಾದಿರಾಜರು ‘ಲಕ್ಷ್ಮೀ ಶೋಭಾನೆ’ ಬರೆದರಲ್ವಾ? ಮಾಧ್ವರ ಮನೆ ಮದುವೆಗಳಲ್ಲಿ ಇವತ್ತಿಗೂ ಅದನ್ನು ಹಾಡುತ್ತಾರೆ. ವಾದಿರಾಜರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ‘ಭ’ ಹ್ರಸ್ವ ಎಂದು ಗೊತ್ತಿಲ್ಲದವರಲ್ಲ. ಆದರೂ ‘ಶೋಭಾನವೆನ್ನಿರೆ’ ಎಂದೇ ಬರೆದರು. ಆ ದೀರ್ಘ ಹೆಣ್ಣುಮಕ್ಕಳ ಹಾಡಿನಿಂದಲೇ ಬಂದದ್ದು ಎಂದು ನಾನು ತಿಳಿದಿದ್ದೇನೆ.

ಅದೇ ಮಾತಿನಲ್ಲಿ ‘ಎನ್ನಿರೆ’ ಎಂಬುದನ್ನೂ ಗಮನಿಸಿ. ‘ಹೆಂಗಸರೇ, ಸೋಬಾನ ಅನ್ನಿ’ ಎಂದು ಕರೆಯುವುದು ಅದು. ಅಂದರೆ ಸೋಬಾನ ಮೊದಲು ಹಾಡಿನ ಹೆಸರಲ್ಲ. ಎಲ್ಲರೂ ಸೇರಿ ಬಾಯಿತುಂಬ ಹೇಳುವ ಹಾರೈಕೆ. ಒಬ್ಬಿಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಸೋಬಾನವೇ ಎಂದು ದನಿ ಕೂಡಿಸುತ್ತಾರೆ. ಆ ‘ಸೋಬಾನವೇ’ ಎಂಬುದೇ ಸವೆದು ಸೋಬಾನೆ ಆಗಿ, ಕೊನೆಗೆ ಹಾಡಿಗೇ ಹೆಸರಾಯಿತು ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಇದು ಹೊಸದೇನಲ್ಲ. ‘ಜೋ ಜೋ’ ಎನ್ನುವ ಹಾಡು ಜೋಗುಳ. ‘ಗೀ ಗೀ’ ಎಂದು ದನಿಗೂಡಿಸುವುದು ಗೀಗೀ ಪದ. ಹಾಡುವವರು ಮತ್ತೆ ಮತ್ತೆ ಏನು ಹೇಳುತ್ತಾರೋ ಅದೇ ಹಾಡಿನ ಹೆಸರು.

ಅದಕ್ಕೇ ಸೋಬಾನೆ ಒಂದು ಶಾಸ್ತ್ರಕ್ಕೆ ಅಂಟಿಕೊಂಡಿಲ್ಲ. ಚಪ್ಪರ ಹಾಕುವಾಗ, ಅರಿಶಿನ ಹಚ್ಚುವಾಗ, ಬಳೆ ತೊಡಿಸುವಾಗ, ಧಾರೆಗೆ, ಹೆಣ್ಣೊಪ್ಪಿಸುವಾಗ, ಬಸುರಿಗೆ ಮಡಿಲು ತುಂಬುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಎಲ್ಲದಕ್ಕೂ ಉಂಟು. ಮಂಡ್ಯ, ಮೈಸೂರು, ಹಾಸನದ ಕಡೆ ಸೋಬಾನೆ. ಕರಾವಳಿಯಲ್ಲಿ ಶೋಭಾನೆ. ಎರಡೂ ಸರಿ. ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನೇ ಹಾಡಿ.

ಸೊಬಗು ಬೇರೆ ಪದ. ಅದು ‘ಸುಭಗ’ದಿಂದ ಬಂದದ್ದು. ಅಲ್ಲಿ ‘ಸೊ’ ಹ್ರಸ್ವ, ಇಲ್ಲಿ ‘ಸೋ’ ದೀರ್ಘ. ಅರ್ಥ ಹತ್ತಿರ ಇದೆ ಅಂತ ಎರಡನ್ನೂ ಒಂದೇ ಬಳ್ಳಿಗೆ ಕಟ್ಟಬೇಡಿ. ಸೋಬಾನೆ ಅಂದರೆ ‘ಸೋ ಎಂದು ಮಳೆ ಸುರಿಸುವ ಬಾನು’ ಎಂದೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ.

ಪ್ರಶ್ನೆ: ಶೋಭನ ಅಂದರೆ ಮೊದಲ ರಾತ್ರಿ ಅಲ್ವಾ? ಮಕ್ಕಳ ಎದುರು ಹಾಡಬಹುದೇ?

ಉತ್ತರ: ಹಾಡಿ. ಪ್ರಸ್ತಕ್ಕೆ ಶೋಭನ ಎನ್ನುವುದು ಆಮೇಲೆ ಕಿರಿದಾದ ಅರ್ಥ. ತೆಲುಗಿನಲ್ಲೂ ಹಾಗೇ ಆಗಿದೆ. ಹಳಗನ್ನಡದ ‘ಒಸಗೆ’ಯೂ ಅಷ್ಟೇ. ಸಂತೋಷ, ಶುಭಕಾರ್ಯ ಎಂಬ ಅಗಲವಾದ ಅರ್ಥವಿದ್ದ ಪದ ಅದು. ಹಳ್ಳಿಗಳಲ್ಲಿ ಹುಡುಗಿ ಮೈನೆರೆದಾಗಿನ ಶಾಸ್ತ್ರಕ್ಕೆ ನಿಂತುಕೊಂಡಿತು.

ಪ್ರಶ್ನೆ: ಕ್ರಿಸ್‌ಮಸ್ ಕ್ಯಾರಲ್‌ಗೆ ಕನ್ನಡದಲ್ಲಿ ಸೋಬಾನೆ ಅನ್ನಬಹುದೇ?

ಉತ್ತರ: ಬೇಡ. ಹಳೆಯ ಫ್ರೆಂಚಿನ ‘ಕರೋಲ್’ ಅಂದರೆ ಕೈ ಹಿಡಿದು ಸುತ್ತುತ್ತಾ ಹಾಡುವ ಕುಣಿತ. ಹೋಲಿಸಲೇಬೇಕಾದರೆ ಕೋಲಾಟದ ಪದ ಹತ್ತಿರ.

ಪ್ರಶ್ನೆ: ಸೋಬಾನೆ ಪದಗಳ ಪಿಡಿಎಫ್ ಕಳಿಸಿ.

ಉತ್ತರ: ಕಳಿಸುವುದಿಲ್ಲ. ನಿಮ್ಮ ಮನೆಯ ಪದಗಳು ನಿಮ್ಮ ಅಜ್ಜಿ ಹತ್ತಿರ ಇವೆ. ಈ ಭಾನುವಾರವೇ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ವರ್ಷ ಅಂತ ನಾನು ಬಿಟ್ಟ ಒಬ್ಬರ ಹಾಡು ನನಗೆ ಮತ್ತೆ ಸಿಗಲಿಲ್ಲ.

ಪ್ರಶ್ನೆ: ಗಂಡ ತೀರಿಕೊಂಡವರು ಸೋಬಾನೆ ಹಾಡಬಾರದು ಎನ್ನುತ್ತಾರೆ. ನಮ್ಮ ಅಮ್ಮನಿಗೆ ಎಲ್ಲ ಪದಗಳೂ ಬರುತ್ತವೆ.

ಉತ್ತರ: ಮಂಡ್ಯ ಕಡೆ ಒಂದು ಮದುವೆಯಲ್ಲಿ ಹಾಡುವವರಿಗೆ ನಡುವೆ ಪದ ಮರೆತುಹೋಯಿತು. ಜಗುಲಿಯ ಮೂಲೆಯಲ್ಲಿ ಒಬ್ಬರೇ ಕುಳಿತಿದ್ದ ಮುದುಕಿ ಅಲ್ಲಿಂದಲೇ ಸೊಲ್ಲು ಹೇಳಿಕೊಟ್ಟರು. ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ. ಇಡೀ ಹಾಡು ನಡೆದದ್ದು ಅವರ ನೆನಪಿನ ಮೇಲೆ. ನಿಮ್ಮ ಅಮ್ಮನನ್ನು ಹಸೆಯ ಪಕ್ಕದಲ್ಲೇ ಕೂರಿಸಿ. ಮೊದಲ ಸೊಲ್ಲು ಅವರೇ ಎತ್ತಲಿ.