ಹಗಲು ನಾಲ್ಕೇ ಗಂಟೆ ನಿದ್ದೆ ಬರುವುದೇಕೆ?

ಪ್ರೀತಿಯ ತಂಗಿ,

ನೀನು ಕೇಳಿದ್ದು ಇಷ್ಟು: ನರ್ಸ್ ಕೆಲಸಕ್ಕೆ ಮ್ಯಾಂಚೆಸ್ಟರಿಗೆ ಬಂದು ಐದು ತಿಂಗಳಾಯಿತು, ವಾರಕ್ಕೆ ಮೂರು ನೈಟ್, ಅದರ ಮೇಲೊಂದು ಬ್ಯಾಂಕ್ ಶಿಫ್ಟ್, ಅಂದರೆ ಆಸ್ಪತ್ರೆಯಲ್ಲೇ ಹೆಚ್ಚಿನ ಸಂಬಳಕ್ಕೆ ಮಾಡುವ ಹೆಚ್ಚುವರಿ ಪಾಳಿ. ಹಗಲು ನಾಲ್ಕು ಗಂಟೆ ಕಳೆದರೆ ಎಚ್ಚರವಾಗುತ್ತದೆ, ರಜೆಯ ದಿನ ಹದಿನಾಲ್ಕು ಗಂಟೆ ಬಿದ್ದುಕೊಂಡರೂ ಆಯಾಸ ಇಳಿಯುವುದಿಲ್ಲ. ಈ ಊರಿನ ಹವೆ ಆಗಿಬರುವುದಿಲ್ಲವೋ ಏನೋ, ನಿದ್ದೆಮಾತ್ರೆ ತೆಗೆದುಕೊಳ್ಳಲಾ ಅಂತ. ಹವೆಯದ್ದು ಏನೂ ತಪ್ಪಿಲ್ಲ ಮಾರಾಯ್ತಿ. ಮಾತ್ರೆಯ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ರೋಟಾ, ಆ ಡ್ಯೂಟಿ ಪಟ್ಟಿ, ತೆಗೆದಿಟ್ಟುಕೋ.

ಡ್ಯೂಟಿ ಸಂಜೆ 7.30ಕ್ಕೆ ಶುರು, ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ. ಹ್ಯಾಂಡೋವರ್ ಎಳೆದು, ಬಸ್ಸು ಹಿಡಿದು ಮನೆ ಸೇರುವಾಗ 9, ಮಿಂದು ತಿಂದು ಹಾಸಿಗೆಗೆ ಬರುವಾಗ 9.45. ಸಂಜೆ 6.30ಕ್ಕೆ ಮತ್ತೆ ಹೊರಡಬೇಕಾದರೆ 5.30ಕ್ಕೆ ಏಳಬೇಕು. ಏನೂ ಅಡ್ಡಿ ಬರದಿದ್ದರೂ ಏಳೂಮುಕ್ಕಾಲು ಗಂಟೆ ಸಿಗುತ್ತದೆ, ಅದರಲ್ಲಿ ನೀನು ಮಲಗುವುದು ನಾಲ್ಕು. ಮೂರು ನೈಟ್ ಕಳೆಯುವಷ್ಟರಲ್ಲಿ ಹತ್ತು ಗಂಟೆಯ ಆಸುಪಾಸು ಸಾಲ ಬಿದ್ದಿರುತ್ತದೆ. ಬ್ಯಾಂಕ್ ಶಿಫ್ಟ್ ಬರುವುದು ಆ ಸಾಲ ತೀರಿಸಬೇಕಾದ ದಿನದಲ್ಲೇ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 14 ದಿನ ರಾತ್ರಿಗೆ ಆರು ಗಂಟೆ ಮಾತ್ರ ಮಲಗಿದವರ ಗಮನಶಕ್ತಿ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟದವರೆಗೂ ಇಳಿದಿತ್ತು. ಹೆದರಬೇಕಾದದ್ದು ಬೇರೆ ಇದೆ: ತಾವು ಅಷ್ಟು ಕೆಟ್ಟಿದ್ದೇವೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. "ನನಗೆ ಅಭ್ಯಾಸವಾಗಿದೆ" ಎನ್ನುವ ನರ್ಸಿನ ಮಾತನ್ನು ಅದಕ್ಕೇ ನಂಬಬಾರದು.

ಇನ್ನು ಆ ನಾಲ್ಕು ಗಂಟೆಯ ಗುಟ್ಟು. ನಿದ್ದೆಯನ್ನು ತರುವುದು ಎರಡು ಸಂಗತಿ. ಒಂದು ಒತ್ತಡ: ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಮಲಗಿದಾಗ ಕರಗುತ್ತದೆ. ಇನ್ನೊಂದು ಗಡಿಯಾರ: ಕಣ್ಣಿನ ನರಗಳು ಕೂಡುವ ಜಾಗದ ಮೇಲೆ ಮಿದುಳಿನಲ್ಲಿ ಕೂತಿರುವ ಸಣ್ಣ ಜೀವಕೋಶಗಳ ಗುಂಪು, ಬೆಳಕು ನೋಡಿ ಹೊತ್ತು ಹೇಳುತ್ತದೆ. ಬೆಳಗಿನ ಜಾವ ನಾಲ್ಕೈದಕ್ಕೆ ಮೈಯ ಶಾಖ ತೀರಾ ಇಳಿದಿರುತ್ತದೆ, ಆಗಲೇ ವಾರ್ಡಿನಲ್ಲಿ ಕಣ್ಣು ಎಳೆಯುವುದು. ಆಮೇಲೆ ಗಡಿಯಾರ ಮೈಯನ್ನು ಎಬ್ಬಿಸುತ್ತಾ ಬರುತ್ತದೆ. ನೀನು 9.45ಕ್ಕೆ ಬಿದ್ದಾಗ ಒತ್ತಡ ಗೆದ್ದು ನಿದ್ದೆ ಹಿಡಿಯುತ್ತದೆ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಒತ್ತಡ ಅರ್ಧಕ್ಕರ್ಧ ಕರಗಿರುತ್ತದೆ, ಗಡಿಯಾರವೋ ನಡುಹಗಲು ಎಂದು ಕೂಗುತ್ತಿರುತ್ತದೆ, ಪರದೆಯ ಸಂದಿಯಲ್ಲಿ ಬಿಸಿಲು ಬೇರೆ. ಎಚ್ಚರವಾಗದೆ ಇನ್ನೇನು? ಇದು ರೋಗವಲ್ಲ, ಮೈ ಮಾಡಬೇಕಾದ್ದನ್ನೇ ಮಾಡುತ್ತಿದೆ. ಮೂರ್ನಾಲ್ಕು ನೈಟಿನಲ್ಲಿ ಆ ಗಡಿಯಾರ ತಿರುಗುವುದೂ ಇಲ್ಲ. ವರ್ಷಗಟ್ಟಲೆ ನೈಟ್ ಮಾಡಿದವರಲ್ಲೂ ಬಹುಪಾಲು ಜನರಿಗೆ ಪೂರ್ತಿ ತಿರುಗುವುದಿಲ್ಲ. ಹಾಗಾಗಿ ಅದನ್ನು ತಿರುಗಿಸಲು ಹೋಗಬೇಡ, ನಿದ್ದೆಯನ್ನು ಎರಡು ತುಂಡು ಮಾಡು.

ಮೊದಲ ತುಂಡು 9.45ರಿಂದ ಎಚ್ಚರವಾಗುವವರೆಗೆ. ಒಂದೂವರೆಗೆ ಎಚ್ಚರವಾಯಿತೋ, ಹೊರಳಾಡುತ್ತಾ ಮೊಬೈಲ್ ನೋಡಬೇಡ, ಎದ್ದುಬಿಡು. ಊಟ ಮಾಡು, ಅರ್ಧ ಗಂಟೆ ಹೊರಗೆ ಬೆಳಕಿನಲ್ಲಿ ನಡೆ. ನಾಲ್ಕಕ್ಕೆ ಮತ್ತೆ ಕೋಣೆ ಕತ್ತಲೆ ಮಾಡಿ 5.30ರವರೆಗೆ ಮಲಗು. ಐದೂಕಾಲು ಗಂಟೆ ಆಯಿತು. ಮೊದಲ ನೈಟಿನ ದಿನ ಇದಕ್ಕಿಂತಲೂ ಮುಖ್ಯ: ಬೆಳಿಗ್ಗೆ ಬೇಗ ಎದ್ದು ಬಟ್ಟೆ ಒಗೆದು ಅಡುಗೆ ಮಾಡಿಟ್ಟು ಡ್ಯೂಟಿಗೆ ಹೋದರೆ, ಮರುದಿನ ಮಲಗುವಾಗ 24 ಗಂಟೆಗೂ ಹೆಚ್ಚು ಎಚ್ಚರವಿದ್ದ ಹಾಗಾಯಿತು. ಆವತ್ತು ತಡವಾಗಿ ಏಳು, ಮೂರರಿಂದ ಒಂದೂವರೆ ಗಂಟೆ ಮಲಗು, ನಿದ್ದೆ ಬಾರದಿದ್ದರೂ ಕತ್ತಲೆಯಲ್ಲಿ ಕಣ್ಣು ಮುಚ್ಚಿರು. ಬ್ರೇಕಿನಲ್ಲಿ ಮಲಗುವುದಕ್ಕೆ ಅವಕಾಶವಿದ್ದರೆ 20 ನಿಮಿಷ ಸಾಕು, ಅಲಾರಾಂ ಇಟ್ಟುಕೋ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗುತ್ತದೆ, ತಲೆ ಮಂಕಾಗಿರುತ್ತದೆ. ಎದ್ದ ಕೂಡಲೇ ಡ್ರಿಪ್ಪಿನ ಲೆಕ್ಕಕ್ಕೂ ಇಂಜೆಕ್ಷನ್ನಿಗೂ ಕೈ ಹಾಕಬೇಡ, ಕಾಲು ಗಂಟೆಯಾದರೂ ಕಳೆಯಲಿ.

ನಿದ್ದೆಗೆ ಹಾಸಿಗೆ ಬೇಡ ಅಂತಾರೆ ಊರಿನಲ್ಲಿ. ಹಗಲು ನಿದ್ದೆಗೆ ಹಾಸಿಗೆಯೂ ಬೇಕು, ಪರದೆಯೂ ಬೇಕು. ಜೂನಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸೂರ್ಯ ಬೆಳಿಗ್ಗೆ 4.40ಕ್ಕೇ ಹುಟ್ಟಿ ರಾತ್ರಿ 9.40ಕ್ಕೆ ಮುಳುಗುತ್ತಾನೆ. ವರ್ಷವಿಡೀ ಹನ್ನೆರಡು ಗಂಟೆಯ ಹಗಲಿಗೆ ಒಗ್ಗಿದ ನಮ್ಮ ಮೈಗೆ ಇದು ಗೊತ್ತಿಲ್ಲದ ಆಟ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅದಕ್ಕೆ ಗಾಜಿಗೆ ಅಂಟುವ ರಬ್ಬರ್ ಬಟ್ಟಲುಗಳಿರುವ ಬ್ಲ್ಯಾಕೌಟ್ ಬ್ಲೈಂಡ್ ತಗೋ, ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಗಾಜಿಗೆ ನೀರು ಚಿಮುಕಿಸಿ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೂ ನಡೆಯುತ್ತದೆ. ಎಲ್ಲರೂ ತಪ್ಪುವುದು ಮೇಲಿನ ಸಂದಿಯಲ್ಲಿ: ಪರದೆ ಎಷ್ಟೇ ದಪ್ಪವಿದ್ದರೂ ಕಂಬಿಯ ಮೇಲಿಂದ ಬೆಳಕು ನುಗ್ಗಿ ಸೂರಿಗೆ ಬಡಿಯುತ್ತದೆ. ನಡುಹಗಲಲ್ಲಿ ಕೋಣೆಯಲ್ಲಿ ನಿಂತು ಕೈ ಚಾಚು, ಬೆರಳು ಕಂಡರೆ ಇನ್ನೂ ಕೆಲಸವಿದೆ. ಹೊದಿಕೆಯನ್ನೂ ನೋಡಿಕೋ, ಅದು ಎಷ್ಟು ಬೆಚ್ಚಗೆ ಎನ್ನುವ ಅಳತೆಗೆ ಇಲ್ಲಿ ಟಾಗ್ ಎನ್ನುತ್ತಾರೆ. ಚಳಿಗಾಲದಲ್ಲಿ ಕೊಂಡ 13.5 ಟಾಗ್‌ನ ಡ್ಯುವೆಯನ್ನೇ ಬೇಸಿಗೆಯ ಹಗಲಲ್ಲೂ ಹೊದ್ದು, ಬೆವರಿ ಎದ್ದು, "ನಿದ್ದೆ ಬರುತ್ತಿಲ್ಲ" ಎನ್ನುವವರು ಬಹಳ. ಬೇಸಿಗೆಗೆ 4.5 ಟಾಗ್ ಸಾಕು. ಕೋಣೆ 18 ಡಿಗ್ರಿಯ ಸುತ್ತ ತಂಪಾಗಿರಲಿ, ಕಾಲು ಮಾತ್ರ ಬೆಚ್ಚಗಿರಲಿ, ಸಾಕ್ಸ್ ಹಾಕಿ ಮಲಗು.

ಕಾಫಿಯ ಅರ್ಧ ಪಾಲು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಹತ್ತಿರಹತ್ತಿರ ಎರಡರಷ್ಟು. ರಾತ್ರಿ ಎಂಟಕ್ಕೊಂದು, ಹನ್ನೆರಡಕ್ಕೊಂದು ಕುಡಿ, ನಡುರಾತ್ರಿ ಒಂದು ಹೊಡೆದ ಮೇಲೆ ಬೇಡ. ನಾಲ್ಕು ಗಂಟೆಗೆ ಕಣ್ಣು ಎಳೆದಾಗ ಬೆಳಕಿರುವ ಕಡೆ ಎದ್ದು ಓಡಾಡು, ಆಗ ಕುಡಿದ ಕಾಫಿ ನೀನು ಹಾಸಿಗೆಗೆ ಬಂದ ಮೇಲೂ ಕೆಲಸ ಮಾಡುತ್ತಿರುತ್ತದೆ. ಊಟವೂ ಹಾಗೆಯೇ: ಹೊರಡುವ ಮುಂಚೆ ಹೊಟ್ಟೆ ತುಂಬ, ಮಧ್ಯರಾತ್ರಿ ಚಪಾತಿ ಪಲ್ಯದಂಥದ್ದು ಸ್ವಲ್ಪ. ಮೂರು ಗಂಟೆಗೆ ಡಬ್ಬಿ ತುಂಬ ಅನ್ನ ಸಾಂಬಾರ್ ಬಡಿದರೆ ಹುಳಿತೇಗು ಖಂಡಿತ. ಬೆಳಿಗ್ಗೆ ಬಂದು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಇಲ್ಲವೆ ಮೊಸರನ್ನ. ಹಸಿದು ಮಲಗಿದರೂ ಹನ್ನೊಂದಕ್ಕೇ ಎಚ್ಚರವಾಗುತ್ತದೆ.

ಊರಿನ ಫೋನು. ಅಮ್ಮ ಊಟ ಮುಗಿಸಿ ಎರಡು ಗಂಟೆಗೆ ಪುರುಸೊತ್ತಾಗಿ ಕರೆ ಮಾಡುತ್ತಾರೆ. ಬೇಸಿಗೆಯಲ್ಲಿ ಅಂತರ ನಾಲ್ಕೂವರೆ ಗಂಟೆ, ಇಲ್ಲಿ ಆಗ 9.30. ಬೇಡ ಅನ್ನಲು ಮನಸ್ಸು ಬಾರದು, ಮಾತಾಡಿ ಮುಗಿಸುವಾಗ ಬಂದ ನಿದ್ದೆ ಹಾರಿರುತ್ತದೆ. ಹೊತ್ತು ನೀನೇ ಗೊತ್ತು ಮಾಡು: ಇಲ್ಲಿಯ ಮಧ್ಯಾಹ್ನ ಮೂರು, ಅಂದರೆ ಊರಲ್ಲಿ ರಾತ್ರಿ ಏಳೂವರೆ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಅದು ಎಂಟೂವರೆ. ಮೊಬೈಲನ್ನು ಸದ್ದಿಲ್ಲದ ಸ್ಥಿತಿಯಲ್ಲಿಟ್ಟು, ಬೆನ್ನುಬೆನ್ನಿಗೆ ಎರಡು ಸಲ ಬಂದ ಕರೆ ಮಾತ್ರ ಕೇಳಿಸುವಂತೆ ಇಟ್ಟುಕೋ, ತುರ್ತು ಇದ್ದರೆ ತಲುಪುತ್ತದೆ.

ಕೊನೆಯ ನೈಟ್ ಮುಗಿದ ಬೆಳಿಗ್ಗೆಯೇ ಹೆಚ್ಚು ಹಾಳಾಗುವುದು. ಸಂಜೆಯವರೆಗೆ ಮಲಗಿದರೆ ಆ ರಾತ್ರಿ ಮೂರಕ್ಕೂ ಕಣ್ಣು ಮುಚ್ಚದು, ರಜೆಯ ಎರಡು ದಿನವೂ ಕಲಸಿಹೋಗುತ್ತದೆ. ಎರಡು ಮೂರು ಗಂಟೆ ಮಾತ್ರ ಮಲಗಿ ಮಧ್ಯಾಹ್ನದ ಹೊತ್ತಿಗೆ ಏಳು, ಹೊರಗೆ ಹೋಗು, ರಾತ್ರಿ 9.30ಕ್ಕೆ ಮಲಗು. ಡಿಸೆಂಬರಿನಲ್ಲಿ ಇದು ಇನ್ನೂ ಮುಖ್ಯ. ಸೂರ್ಯ 8.20ಕ್ಕೆ ಹುಟ್ಟಿ 3.50ಕ್ಕೆ ಮುಳುಗುವುದರಿಂದ ಸಂಜೆಯವರೆಗೆ ಮಲಗುವವಳಿಗೆ ಹಗಲಿನ ಬೆಳಕು ಸರಿಯಾಗಿ ಕಾಣದು. ನಿದ್ದೆಯ ಸಾಲ ಗಂಟೆಗೆ ಗಂಟೆ ತೀರಿಸಬೇಕಾಗಿಲ್ಲ. ಅಲಾರಾಂ ಇಲ್ಲದೆ ರಾತ್ರಿಯೇ ಮಲಗಿದರೆ ಮೊದಲ ಎರಡು ಮೂರು ರಾತ್ರಿ ಒಂಬತ್ತು ಹತ್ತು ಗಂಟೆ ಬಂದು, ಆಮೇಲೆ ನಿನ್ನ ಮೈಗೆ ಬೇಕಾದಷ್ಟಕ್ಕೆ ನಿಲ್ಲುತ್ತದೆ. ಐದು ತಿಂಗಳ ಸಾಲಕ್ಕೆ ನೈಟ್ ಇಲ್ಲದ ಎರಡು ವಾರ ಕೇಳು. ಆ ಎರಡು ವಾರ ಊರಿಗೆ ಹೋಗಬೇಡ. ಮದುವೆ, ಕೋಲ, ನೆಂಟರ ಮನೆ ಸುತ್ತಿ, ಎರಡೆರಡು ಸಲ ಜೆಟ್‌ಲ್ಯಾಗ್ ಹೊತ್ತು ಬರುವುದು ರಜೆ ಹೌದು, ವಿಶ್ರಾಂತಿ ಅಲ್ಲ.

ರೋಟಾದಲ್ಲಿ ನಿನಗೆ ಹಕ್ಕೂ ಇದೆ. ಎರಡು ಕೆಲಸದ ದಿನಗಳ ನಡುವೆ 11 ಗಂಟೆ ಬಿಡುವು, 17 ವಾರಗಳ ಸರಾಸರಿಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಕೆಲಸದ ಹೊತ್ತಿನ ಬಗ್ಗೆ ಈ ದೇಶದ 1998ರ ನಿಯಮಗಳಲ್ಲೇ ಇವೆ. ಸೇರುವಾಗ ಕಾಗದಗಳ ರಾಶಿಯಲ್ಲಿ ಆ 48ರ ಮಿತಿ ಬಿಟ್ಟುಕೊಟ್ಟು ಸಹಿ ಹಾಕಿರಬಹುದು, ನೋಡು. ಅದನ್ನು ಮುಂಚಿತವಾಗಿ ಬರೆದು ತಿಳಿಸಿ ಹಿಂತೆಗೆದುಕೊಳ್ಳಬಹುದು. ರಾತ್ರಿ ಕೆಲಸದವರಿಗೆ ಪುಕ್ಕಟೆ ಆರೋಗ್ಯ ತಪಾಸಣೆಯ ಅವಕಾಶ ಕೊಡಬೇಕಾದದ್ದು ಕೆಲಸ ಕೊಟ್ಟವರ ಹೊಣೆ, ಕೇಳಿ ತೆಗೆದುಕೋ. 2024ರ ಏಪ್ರಿಲ್ 6ರಿಂದ ಜಾರಿಯಾದ ನಿಯಮದಂತೆ, ಕೆಲಸಕ್ಕೆ ಸೇರಿದ ದಿನದಿಂದಲೇ ಡ್ಯೂಟಿಯ ಹೊತ್ತು ಬದಲಿಸಲು ಅರ್ಜಿ ಕೊಡಬಹುದು. ನೈಟ್‌ಗಳನ್ನು ಒಟ್ಟಿಗೆ ಹಾಕಿ, ಆಮೇಲೆ ಎರಡು ರಾತ್ರಿ ಪೂರ್ತಿ ಬಿಡಿ ಎಂದು ಕೇಳು. ಬ್ಯಾಂಕ್ ಶಿಫ್ಟ್ ಮಾಡಲೇಬೇಕಾದರೆ ಹಗಲಿನದ್ದು ಮಾಡು, ನೈಟ್ ಸರಣಿಯ ಬಾಲಕ್ಕೆ ಕಟ್ಟಬೇಡ. ಊರಿನ ಸಾಲದ ಕಂತು ಗೊತ್ತಿದ್ದೇ ಹೇಳುತ್ತಿದ್ದೇನೆ.

ಕಾರು ಕೊಳ್ಳುವ ಯೋಚನೆ ಇದೆ ಎಂದು ನೀನು ಬರೆದಿದ್ದೆ. 17 ಗಂಟೆ ಎಚ್ಚರವಿದ್ದವರ ಕೈ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಕೈಯಷ್ಟೇ ಎಂದು 1997ರಲ್ಲೇ ಅಳೆದಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಗಾಡಿ ಓಡಿಸುವವರ ಮದ್ಯದ ಮಿತಿಯೇ ಅಷ್ಟು. ನೈಟ್ ಮುಗಿಸಿ ಬರುವಾಗ ಬಸ್ಸೇ ಇರಲಿ, ಕಪ್ಪು ಕನ್ನಡಕ ಹಾಕಿ ಕೂರು.

ಇಷ್ಟೆಲ್ಲ ಮಾಡಿ, ರಾತ್ರಿ ಏಳೆಂಟು ಗಂಟೆ ಮಲಗಿಯೂ ಎರಡು ಮೂರು ವಾರ ಆಯಾಸ ಹಾಗೆಯೇ ಇದ್ದರೆ ಜಿಪಿಯ, ಅಂದರೆ ಇಲ್ಲಿಯ ಕುಟುಂಬ ವೈದ್ಯರ, ಹತ್ತಿರ ಹೋಗು. ರಕ್ತ, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಥೈರಾಯ್ಡ್ ನೋಡಿಸು. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಕಬ್ಬಿಣ ಕಡಿಮೆಯಾದರೆ ಮಲಗಿದಾಗ ಕಾಲು ಆಡಿಸುತ್ತಲೇ ಇರಬೇಕೆನಿಸಬಹುದು. ನಮ್ಮ ಮೈಬಣ್ಣದವರಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಎಂದು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಲಹೆಯೇ ಇದೆ. ಗೊರಕೆ, ಉಸಿರು ಕಟ್ಟಿ ಏಳುವುದು ಇದೆಯೇ ಎಂದು ಕೋಣೆಯ ಗೆಳತಿಯನ್ನು ಕೇಳು. ದಪ್ಪ ಇರುವವರಿಗೆ ಮಾತ್ರ ಅದು ಬರುವುದಲ್ಲ.

ಸಮಯವಿದ್ದೂ ನಿದ್ದೆ ಬಾರದೆ, ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಕಳೆದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೊದಲ ಮದ್ದು ಮಾತ್ರೆಯಲ್ಲ, ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ ಎಂಬ ತರಬೇತಿ. ಇಂಗ್ಲೆಂಡಿನಲ್ಲಿ ಮಾತಿನ ಮೂಲಕ ಚಿಕಿತ್ಸೆ ಕೊಡುವ ಸರ್ಕಾರಿ ಸೇವೆ ಟಾಕಿಂಗ್ ಥೆರಪೀಸ್‌ಗೆ ನೀನೇ ಹೆಸರು ಕೊಡಬಹುದು. ಮೆಲಟೋನಿನ್ ಇಲ್ಲಿ ಚೀಟಿಯಿಲ್ಲದೆ ಸಿಗದು. ಔಷಧಿ ಅಂಗಡಿಯ ಅಲರ್ಜಿ ಜಾತಿಯ ನಿದ್ದೆಮಾತ್ರೆ ಮರುದಿನದ ಡ್ಯೂಟಿಯಲ್ಲೂ ಮಂಕು ಹಿಡಿಸುತ್ತದೆ. ಊರಿಂದ ಯಾರೋ ಕಳಿಸುವ ಆಲ್ಪ್ರಜೋಲಾಮ್ ಬೇಡವೇ ಬೇಡ: ಅಂಟಿಕೊಳ್ಳುತ್ತದೆ, ಇಲ್ಲಿ ಕಾನೂನಿನ ಹಿಡಿತದ ಮದ್ದು ಅದು.

ಜಿಪಿಯ ಹತ್ತಿರ ಹತ್ತೇ ನಿಮಿಷ ಸಿಗುತ್ತದೆ. ಎರಡು ವಾರ ಒಂದು ನೋಟ್‌ಪುಸ್ತಕದಲ್ಲಿ ಡ್ಯೂಟಿ, ಮಲಗಿದ ಹೊತ್ತು, ಎದ್ದ ಹೊತ್ತು, ಕಾಫಿ ಬರೆದಿಟ್ಟು ಅದನ್ನೇ ಎದುರಿಗಿಡು. "ಸುಸ್ತು" ಎಂದಷ್ಟೇ ಹೇಳಿದರೆ ಪ್ಯಾರಸಿಟಮಾಲ್ ಕೊಟ್ಟು ಕಳಿಸುತ್ತಾರೆ.

ನಿನ್ನ ಅಕ್ಕ