ಸರಾಸರಿ ಏರಿತು, ನಿಮ್ಮ ಮನೆ ಏಕೆ ಹೋಗಲಿಲ್ಲ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನಮ್ಮ ಬಡಾವಣೆಯ ಮನೆಗಳ ಬೆಲೆ ಭರ್ಜರಿ ಏರಿದೆ ಎಂದು ಬರೆದಿರಿ. ನಾನು ಮನೆ ಮಾರಾಟಕ್ಕಿಟ್ಟು ಎಂಟು ತಿಂಗಳಾಯಿತು. ನೋಡಿ ಹೋಗುವವರಿದ್ದಾರೆ, ಕೊಳ್ಳುವವರಿಲ್ಲ. ಮಾತಿಗೆ ಕೂತ ಇಬ್ಬರೂ ನಾನು ಕೊಂಡ ಬೆಲೆಗಿಂತ ಕಡಿಮೆಗೆ ಕೇಳಿದರು. ನಿಮ್ಮ ಅಂಕಿ ಸುಳ್ಳೋ, ನನ್ನ ಮನೆಗೇ ಗ್ರಹಚಾರವೋ? ಬೆಲೆ ಇಳಿಸಲೇ, ಕಾಯಲೇ?

ಸಂಪಾದಕರ ಉತ್ತರ: ಎರಡೂ ಅಲ್ಲ. ಅಂಕಿ ಸರಿಯಿತ್ತು, ನಾವು ಕೊಟ್ಟ ತಲೆಬರಹ ತಪ್ಪಿತ್ತು. ಲೇಖನದ ಒಳಗೆ ಇದ್ದದ್ದು ‘ಮಾರಾಟವಾದ ಮನೆಗಳ ಸರಾಸರಿ ಬೆಲೆ ಏರಿದೆ’ ಎಂದು. ಮೇಲೆ ಅಚ್ಚಾದದ್ದು ‘ಮನೆಗಳ ಬೆಲೆ ಏರಿದೆ’ ಎಂದು. ಜಾಗ ಉಳಿಸಲು ಹೋಗಿ ಎರಡು ಪದ ಕಳೆದೆವು, ಅರ್ಥವೇ ಬೇರೆಯಾಯಿತು.

ಒಂದು ಲೆಕ್ಕ ನೋಡಿ. ಒಂದು ಬಡಾವಣೆಯಲ್ಲಿ ಎರಡೇ ಬಗೆಯ ಮನೆಗಳಿವೆ ಎನ್ನೋಣ: ಚಿಕ್ಕದಕ್ಕೆ ಬೆಲೆ 10, ದೊಡ್ಡದಕ್ಕೆ 30. ಕಳೆದ ವರ್ಷ 8 ಚಿಕ್ಕವು, 2 ದೊಡ್ಡವು ಮಾರಾಟವಾದವು. ಸರಾಸರಿ 14. ಈ ವರ್ಷ ಎಲ್ಲ ಮನೆಗಳ ಬೆಲೆಯೂ ಹತ್ತರಲ್ಲೊಂದು ಪಾಲು ಕುಸಿಯಿತು: ಚಿಕ್ಕದು 9, ದೊಡ್ಡದು 27. ಮಾರಾಟವಾದದ್ದು 3 ಚಿಕ್ಕವು, 3 ದೊಡ್ಡವು. ಸರಾಸರಿ ಎಷ್ಟು? 18. ಪ್ರತಿಯೊಂದು ಮನೆಯೂ ಅಗ್ಗವಾಗಿದೆ, ಮಾರಾಟ ಹತ್ತರಿಂದ ಆರಕ್ಕೆ ಬಿದ್ದಿದೆ, ಆದರೂ ಸರಾಸರಿ ಸುಮಾರು ಶೇ 29ರಷ್ಟು ಮೇಲೇರಿ ಕೂತಿದೆ! ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಚಿಕ್ಕ ಮನೆಗಳು ಕಣದಿಂದ ಹೊರಗುಳಿದವು, ಅಷ್ಟೆ.

ಅವು ಹೊರಗುಳಿಯಲು ಕಾರಣವೂ ಇರುತ್ತದೆ. ಚಿಕ್ಕ ಮನೆ ಕೊಳ್ಳುವವರು ಹೆಚ್ಚಾಗಿ ಸಾಲ ನೆಚ್ಚಿದವರು. ಇಪ್ಪತ್ತು ವರ್ಷದ ಸಾಲಕ್ಕೆ ಬಡ್ಡಿ ಶೇ 7ರಿಂದ 9ಕ್ಕೆ ಹೋದರೆ ತಿಂಗಳ ಕಂತು ಸುಮಾರು ಶೇ 16 ಹೆಚ್ಚುತ್ತದೆ. ಕಂತು ಅಷ್ಟೇ ಇರಲಿ ಎಂದರೆ ಸಾಲವನ್ನೇ ಶೇ 14ರಷ್ಟು ತಗ್ಗಿಸಬೇಕು. ಕೈಯಲ್ಲಿ ಇಡಿಗಂಟು ಇರುವವರಿಗೆ ಈ ತಾಪತ್ರಯವಿಲ್ಲ.

ಇನ್ನೊಂದು ಮಾತು: ನಿಮ್ಮ ಮನೆ ನಮ್ಮ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಮಾರಾಟವಾಗದ ಮನೆಗೆ ಬೆಲೆ ಎಲ್ಲಿಂದ ಬಂತು? ನೀವು ಹೇಳುತ್ತಿರುವುದಿದೆ, ಕೊಳ್ಳಲು ಬಂದವರು ಕೇಳಿದ್ದಿದೆ, ಕುದುರಿದ್ದು ಯಾವುದೂ ಇಲ್ಲ. ಹೀಗೆ ಕಾಯುತ್ತಿರುವ ಮನೆಗಳೆಲ್ಲ ಲೆಕ್ಕದ ಹೊರಗೆ. ಲೆಕ್ಕದೊಳಗೆ ಬಂದದ್ದೂ ತಡವಾಗಿ ಬಂದದ್ದೇ. ಮಾತುಕತೆ ಮುಗಿದು, ಸಾಲ ಮಂಜೂರಾಗಿ, ನೋಂದಣಿಯಾಗುವ ಹೊತ್ತಿಗೆ ತಿಂಗಳುಗಳು ಸರಿದಿರುತ್ತವೆ.

ಹಾಗಾದರೆ ಬೆಲೆಯನ್ನು ಅಳೆಯುವುದು ಹೇಗೆ? ಒಂದೇ ಮನೆ ಎರಡು ಸಲ ಮಾರಾಟವಾದಾಗ ಆ ಎರಡು ಬೆಲೆಗಳನ್ನು ಹೋಲಿಸುವುದು ನಂಬಬಹುದಾದ ದಾರಿ. 1963ರಲ್ಲಿ ಬೈಲಿ, ಮುತ್, ನೌರ್ಸ್ ಎಂಬ ಮೂವರು ಇದಕ್ಕೆ ಗಣಿತದ ರೂಪ ಕೊಟ್ಟರು. ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಅದನ್ನು ಬೆಳೆಸಿದರು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಆಮ್‌ಸ್ಟರ್‌ಡ್ಯಾಮಿನ ಕತೆ. ಅಲ್ಲಿನ ಹೇರನ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿ ಹದಿನೇಳನೇ ಶತಮಾನದಿಂದ ನಿಂತ ಸಾಲುಮನೆಗಳಿವೆ. ಪೀಟ್ ಐಕ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ 1628ರಿಂದ 1973ರವರೆಗಿನ ಅವುಗಳ ಮಾರಾಟವನ್ನು ಹೀಗೆ ಜೋಡಿ ಹಾಕಿ 1997ರಲ್ಲಿ ಪ್ರಕಟಿಸಿದ. ನಗರದ ಅತಿ ಪ್ರತಿಷ್ಠಿತ ವಿಳಾಸಗಳಲ್ಲಿ ಒಂದು ಅದು. ಹಣದುಬ್ಬರ ಕಳೆದು ನೋಡಿದರೆ, ಸುಮಾರು ಮುನ್ನೂರೈವತ್ತು ವರ್ಷಗಳಲ್ಲಿ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ವರ್ಷಕ್ಕೆ ಶೇ 0.2! ನಡುವೆ ದಶಕಗಟ್ಟಲೆ ಏರಿಳಿತಗಳಿದ್ದವು. ಏರಿನಲ್ಲಿ ಕೊಂಡು ಇಳಿತದಲ್ಲಿ ಮಾರಿದವನಿಗೆ ಆ ಇಮ್ಮಡಿ ಯಾವ ಸುಖ?

ಈ ವಿಧಾನಕ್ಕೂ ಮಿತಿ ಉಂಟು. ಎರಡು ಮಾರಾಟದ ನಡುವೆ ಮೇಲೊಂದು ಮಹಡಿ ಎದ್ದರೆ ಹೋಲಿಕೆ ಕೆಡುತ್ತದೆ. ಒಂದು ಬಡಾವಣೆಯಲ್ಲಿ ಅಂಥ ಜೋಡಿಗಳು ಸಿಗುವುದೂ ಬೆರಳೆಣಿಕೆಯಷ್ಟು.

ಅದಕ್ಕೇ ಚಿಕ್ಕ ಪ್ರದೇಶದಲ್ಲಿ ಬೆಲೆಗಿಂತ ಮೊದಲು ಮಾರಾಟದ ಸಂಖ್ಯೆ ಕೇಳಬೇಕು ಎನ್ನುವವನು ನಾನು. ಮಾರುಕಟ್ಟೆ ತಣ್ಣಗಾದಾಗ ಮೊದಲು ಬೀಳುವುದು ಬೆಲೆಯಲ್ಲ, ಮಾರಾಟ. ಮನೆಯವರು ಬೆಲೆ ಬಿಡುವುದಿಲ್ಲ, ಕೊಳ್ಳುವವರು ಮೇಲೇರುವುದಿಲ್ಲ, ವ್ಯವಹಾರ ನಿಲ್ಲುತ್ತದೆ. ಮಾರಾಟಕ್ಕಿರುವ ಮನೆಗಳನ್ನು ತಿಂಗಳಿಗೆ ಹೋಗುವ ಮನೆಗಳಿಂದ ಭಾಗಿಸಿ. 48 ಮನೆಗಳಿದ್ದು ತಿಂಗಳಿಗೆ 4 ಹೋಗುತ್ತಿದ್ದರೆ ಹನ್ನೆರಡು ತಿಂಗಳ ಸರಕು ಬಿದ್ದಿದೆ ಎಂದರ್ಥ. ಆರು ತಿಂಗಳ ಆಸುಪಾಸು ಇದ್ದರೆ ತಕ್ಕಡಿ ಸಮ ಎಂಬುದು ಅಮೆರಿಕದ ದಲ್ಲಾಳಿಗಳ ವಾಡಿಕೆ ಲೆಕ್ಕ. ಅದನ್ನು ಎಲ್ಲೆಡೆಗೂ ಶಾಸನ ಮಾಡಬೇಕಿಲ್ಲ. ‘ಹೊಸದಾಗಿ ಬಂದಿದೆ’ ಎನ್ನುವ ಜಾಹೀರಾತಿನ ಬಗ್ಗೆಯೂ ಎಚ್ಚರವಿರಲಿ. ಹಳೆಯ ಜಾಹೀರಾತು ಇಳಿಸಿ, ಬೇರೆ ಫೋಟೋ ಹಾಕಿ ಮತ್ತೆ ಏರಿಸಿದರೆ ಎಂಟು ತಿಂಗಳ ಮನೆಯೂ ನಿನ್ನೆಯದಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ನಿಷ್ಠುರವಾಗಿ. ಬಂದವರು ‘ನಾನು ಕೊಂಡ ಬೆಲೆಗಿಂತ’ ಕಡಿಮೆಗೆ ಕೇಳಿದರು ಎಂದು ಬರೆದಿದ್ದೀರಿ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಅವರಿಗೆ ಸಂಬಂಧಿಸಿದ್ದೇ ಅಲ್ಲ. ಜೆನೆಸೋವ್ ಮತ್ತು ಮೇಯರ್ ಎಂಬಿಬ್ಬರು 1990ರ ದಶಕದ ಬೋಸ್ಟನ್ ಫ್ಲ್ಯಾಟುಗಳನ್ನು ಅಧ್ಯಯನ ಮಾಡಿ 2001ರಲ್ಲಿ ತೋರಿಸಿದ್ದು ಇದನ್ನೇ. ನಷ್ಟದ ಅಂಜಿಕೆ ಇದ್ದವರು, ಆಗಬಹುದಾದ ನಷ್ಟದ ಶೇ 25ರಿಂದ 35ರಷ್ಟನ್ನು ತಾವು ಹೇಳುವ ಬೆಲೆಗೆ ಸೇರಿಸುತ್ತಿದ್ದರು. ಮಾರಾಟವಾದಾಗ ಅವರ ಕೈಗೆ ತುಸು ಹೆಚ್ಚು ದಕ್ಕಿದ್ದೂ ನಿಜ; ಆದರೆ ಹೇಳಿದ್ದಕ್ಕಿಂತ ತೀರ ಕಡಿಮೆ, ಅದಕ್ಕಾಗಿ ಕಾದದ್ದು ಹೆಚ್ಚು ಕಾಲ. ಹಾಗಾಗಿ ಕಾಯುವುದು ಮೂರ್ಖತನ ಎಂದು ನಾನು ಹೇಳಲಾರೆ. ಕಾಯುವಿಕೆಗೂ ಖರ್ಚಿದೆ: ಸಾಲದ ಬಡ್ಡಿ, ತೆರಿಗೆ, ಖಾಲಿ ಮನೆಯ ದುರಸ್ತಿ. ಎಂಟು ತಿಂಗಳಲ್ಲಿ ಅದು ಎಷ್ಟಾಯಿತೆಂದು ಒಂದು ಹಾಳೆಯಲ್ಲಿ ಬರೆದು, ಆ ಇಬ್ಬರು ಹೇಳಿದ ಬೆಲೆಯ ಪಕ್ಕ ಇಡಿ. ಒಬ್ಬ ಕಡಿಮೆಗೆ ಕೇಳಿದರೆ ಚೌಕಾಸಿ. ಬೇರೆ ಬೇರೆ ಬಂದ ಇಬ್ಬರೂ ಹತ್ತಿರ ಹತ್ತಿರದ ಮೊತ್ತವನ್ನೇ ಹೇಳಿದ್ದರೆ, ಇವತ್ತಿನ ಬೆಲೆ ಅದರ ಆಸುಪಾಸಿನಲ್ಲೇ ಇದೆ. ಮನೆಗೆ ತುರ್ತಾಗಿ ಹಣ ಬೇಕಿಲ್ಲವಾದರೆ ಬಾಡಿಗೆಗೆ ಕೊಟ್ಟು ಕಾಯುವುದು ಖಾಲಿ ಇಟ್ಟು ಕಾಯುವುದಕ್ಕಿಂತ ಮೇಲು.

ನಮ್ಮ ಕಡೆಯಿಂದ: ಮುಂದಿನ ಸಂಚಿಕೆಯಿಂದ ಬೆಲೆಯ ಕೋಷ್ಟಕದಲ್ಲಿ ಎಷ್ಟು ಮನೆಗಳು ಮಾರಾಟವಾದವು ಎಂಬ ಅಂಕಣ ಮೊದಲು ಬರುತ್ತದೆ. ಸರಾಸರಿಯ ಜೊತೆಗೆ, ಬೆಲೆಗಳನ್ನು ಸಾಲಾಗಿಟ್ಟಾಗ ನಟ್ಟನಡುವೆ ಬೀಳುವ ಬೆಲೆಯನ್ನೂ ಕೊಡುತ್ತೇವೆ. ಹತ್ತಕ್ಕಿಂತ ಕಡಿಮೆ ಮಾರಾಟವಾದ ಕಡೆ ಶೇಕಡಾ ಲೆಕ್ಕದ ಜಾಗದಲ್ಲಿ ಒಂದು ಅಡ್ಡಗೆರೆ ಇರುತ್ತದೆ.